ಕೋಡಿಹಳ್ಳಿಯ ವಿಳಾಸಕ್ಕೆ ಬಂದ ಪತ್ರಿಕೆ

೭ನೇ ಫೆಬ್ರವರಿ ೧೯೪೪, ಸೋಮವಾರ

ಶಾಲೆಯ ಹಳೆಯ ಹಾಜರಿ ಪುಸ್ತಕದ ಹಿಂಭಾಗದಲ್ಲಿ ಖಾಲಿ ಹಾಳೆಗಳು ಉಳಿದಿದ್ದವು. ಯುದ್ಧದ ಕಾಲ, ಕಾಗದ ಸಿಕ್ಕುವುದಿಲ್ಲ. ಎಸೆಯಲು ಮನಸ್ಸಾಗದೆ ಇಟ್ಟುಕೊಂಡಿದ್ದೆ. ಬರೆಯುವುದಕ್ಕೆ ವಿಷಯವೇನೂ ಇರಲಿಲ್ಲ. ಇವತ್ತು ಇದೆ, ಆದರೆ ಯಾರ ಹತ್ತಿರವೂ ಹೇಳುವ ಹಾಗಿಲ್ಲ.

ನಂದಗುಡಿಗೆ ಮೇಷ್ಟ್ರಾಗಿ ಬಂದು ಹದಿನಾಲ್ಕು ವರ್ಷವಾಯಿತು. ಮನೆಯ ಮುಂದಿನ ಕೋಣೆಯಲ್ಲಿ ಅಂಚೆ ಕಚೇರಿಯನ್ನೂ ನೋಡಿಕೊಳ್ಳಲು ಹಿಡಿದು ಹನ್ನೊಂದು ವರ್ಷ. ಈ ಹನ್ನೊಂದು ವರ್ಷದಲ್ಲಿ ಇನ್ನೊಬ್ಬರ ಒಂದು ಕಾರ್ಡನ್ನೂ ಓದಿದವನಲ್ಲ. ಅವರಾಗಿಯೇ ತಂದು ಓದಿ ಹೇಳಿ ಎಂದರೆ ಓದುತ್ತಿದ್ದೆ, ಅಷ್ಟೆ.

ಮೊನ್ನೆ ಶನಿವಾರ ಸಂಜೆ ಹೊಸಕೋಟೆಯ ಬಸ್ಸಿನಿಂದ ಟಪಾಲು ಹಂಚುವ ಪಾಪಯ್ಯ ಚೀಲ ತಂದ. ರೂಢಿಯಂತೆ ಮೆಟ್ಟಿಲ ಮೇಲೆ ಇಟ್ಟು ಹೊಂಗೆಮರದ ಕೆಳಗೆ ಹೋಗಿ ನಿಂತ. ಚೀಲದಲ್ಲಿ ಕೋಡಿಹಳ್ಳಿಯ ಗಂಗಲಕ್ಷ್ಮಮ್ಮನವರ ಮಾಸಪತ್ರಿಕೆ ಇತ್ತು. ಆಕೆ ಪಟೇಲ ಅಪ್ಪಯ್ಯಣ್ಣನ ಅಕ್ಕ, ಗಂಡ ತೀರಿಕೊಂಡ ಮೇಲೆ ತಾವೇ ನಿಂತು ಬೇಸಾಯ ಮಾಡಿಸುವವರು. ಪತ್ರಿಕೆಗೆ ಸುತ್ತಿದ್ದ ಕಾಗದದ ಪಟ್ಟಿ ಹರಿದಿತ್ತು. ಅಂಟು ಹಚ್ಚೋಣವೆಂದು ಬಿಚ್ಚಿದೆ. ಹಾಳೆ ತಾನಾಗಿ ತೆರೆದುಕೊಂಡಿತು. ಒಬ್ಬ ಕುದುರೆ ಸವಾರ ಕೋಟೆಯ ದಿಡ್ಡಿ ಬಾಗಿಲ ಮುಂದೆ ಬಂದು ನಿಂತಿದ್ದಾನೆ, ಒಳಗಿನಿಂದ ಅವನ ಹೆಸರನ್ನೇ ಯಾರೋ ಕೂಗುತ್ತಿದ್ದಾರೆ. ಅವನಿಗೆ ಆ ಊರಲ್ಲಿ ಒಬ್ಬರ ಪರಿಚಯವೂ ಇಲ್ಲ.

ನಾನು ಲೆಕ್ಕ ಹೇಳಿಕೊಡುವವನು. ಕತೆಗಳು ಕೆಲಸವಿಲ್ಲದವರಿಗೆ ಎಂದು ಹುಡುಗರಿಗೆ ಎಷ್ಟು ಸಲ ಹೇಳಿದ್ದೇನೋ. ಆದರೂ ಕೂಗಿದವರು ಯಾರು ಎಂದು ತಿಳಿಯಬೇಕಾಯಿತು. ಇವತ್ತು ಬೆಳಿಗ್ಗೆ ಪಾಪಯ್ಯ ಹಳ್ಳಿಗಳ ಸುತ್ತಿಗೆ ಹೊರಟು, "ಕೋಡಳ್ಳಿ ಅಮ್ಮಾರ್ದು ಬಂದಿಲ್ವಾ ಸಾಮಿ?" ಎಂದ. ಸೋಮವಾರ, ಗುರುವಾರ ಅವನ ಸುತ್ತು.

"ಬಂದಿಲ್ಲ" ಎಂದೆ.

ಇನ್ನೂ ಎಂಟು ಪುಟ ಬಾಕಿ ಇತ್ತು.

೧೦ನೇ ಫೆಬ್ರವರಿ, ಗುರುವಾರ

ಅಂಟು ಹಚ್ಚಿ ಕಳಿಸಿದೆ. ಸಂಜೆ ಪಾಪಯ್ಯ ಬಂದು ಏನಾದರೂ ಹೇಳುತ್ತಾನೇನೋ ಎಂದು ಕಾದೆ. ಏನೂ ಹೇಳಲಿಲ್ಲ. ಇನ್ನು ಮುಂದೆ ಇಂಥ ಕೆಲಸ ಮಾಡಕೂಡದು.

೬ನೇ ಮಾರ್ಚ್, ಸೋಮವಾರ

ಮಾಡಿದೆ. ಈ ಸಲ ಪಟ್ಟಿ ಹರಿದಿರಲಿಲ್ಲ. ಎರಡೂ ಕಡೆ ಬಾಯಿ ತೆರೆದಿರುವ ಪಟ್ಟಿ, ಮೆತ್ತಗೆ ಎಳೆದರೆ ಪತ್ರಿಕೆ ಜಾರಿ ಬರುತ್ತದೆ. ಕೋಟೆಯ ಕತೆ ಬರೆಯುವವರು ತಿರುವೇಂಗಳಯ್ಯ ಎಂಬುವರು. ಎಂಥ ತಲೆ ಅವರದು! ಈ ತಿಂಗಳು ಸವಾರನನ್ನು ಸುರಂಗಕ್ಕೆ ಇಳಿಸಿ ಮೇಲೆ ಬಂಡೆ ಮುಚ್ಚಿಸಿಬಿಟ್ಟಿದ್ದಾರೆ. ಊಟ ಮಾಡುವಾಗ ನನ್ನ ಕೈ ತಟ್ಟೆಯಲ್ಲೇ ನಿಂತಿತ್ತಂತೆ. "ಏನಾಯ್ತು ನಿಮ್ಗೆ? ಸಾರು ಉಪ್ಪಾಗೈತಾ?" ಎಂದು ಅನುಸೂಯ ಕೇಳಿದಳು. ಬಂಡೆಯ ವಿಚಾರ ಹೆಂಡತಿಗೆ ಹೇಗೆ ಹೇಳುವುದು?

ಉಳಿದ ಪುಟಗಳಲ್ಲಿ ಪುಟ್ಟನಂಜಮ್ಮ ಎಂಬುವರ ಹೊಸ ಧಾರಾವಾಹಿಯೊಂದು ಶುರುವಾಗಿದೆ. ಒಬ್ಬ ಮುದುಕ ನೀರುಗಂಟಿ, ಅಂದರೆ ಕೆರೆಯ ತೂಬು ತೆಗೆದು ಗದ್ದೆಗಳಿಗೆ ನೀರು ಹಂಚುವವನು. ಅವನ ಮಗ ಮನೆ ಬಿಟ್ಟು ಹೋಗಿದ್ದಾನೆ. ಮನೆಯಲ್ಲಿ ಮುದುಕ ಮತ್ತು ಸೊಸೆ ಇಬ್ಬರೇ. ಮಗ ಹೋದದ್ದು ಇವಳಿಂದಲೇ ಎಂದು ಮುದುಕ ಮಾತು ಬಿಟ್ಟಿದ್ದಾನೆ. ಅವಳು ಊಟಕ್ಕಿಟ್ಟು ಮುಚ್ಚಳವನ್ನು ಎರಡು ಸಲ ತಟ್ಟುತ್ತಾಳೆ. ಅವನು ಬಂದು ಉಣ್ಣುತ್ತಾನೆ. ಅಷ್ಟೇ, ಮುಗಿಯಿತು. ಇದೂ ಒಂದು ಕತೆಯೇ? ಅಚ್ಚು ಹಾಕುವವರಿಗೆ ಕಾಗದ ಎಲ್ಲಿಂದ ಬರುತ್ತದೋ.

೧೧ನೇ ಮಾರ್ಚ್, ಶನಿವಾರ

ಮಧ್ಯಾಹ್ನ ಅನುಸೂಯ ಒಳಗೆ ತಟ್ಟೆಯಿಟ್ಟು ಚೊಂಬನ್ನು ನೆಲಕ್ಕೆ ತಾಗಿಸಿದ ಸದ್ದು ಕೇಳಿ ನಾನು ಎದ್ದು ಹೋದೆ. ಕೂತ ಮೇಲೆ ನೆನಪಾಯಿತು, ಅವಳು ನನ್ನನ್ನು ಊಟಕ್ಕೆ ಕರೆದೇ ಇರಲಿಲ್ಲ. ದಿನವೂ ಹೀಗೆಯೇ ಇದೆಯೇನೋ. ನಾನು ಗಮನಿಸಿಲ್ಲ.

ಪುಟ್ಟನಂಜಮ್ಮ ಯಾರು, ಯಾವ ಊರಿನವರು ಎಂದು ಪತ್ರಿಕೆಯಲ್ಲಿ ಹಾಕಿರಲಿಲ್ಲ.

೧೦ನೇ ಏಪ್ರಿಲ್, ಸೋಮವಾರ

ಪತ್ರಿಕೆ ಬಂದು ಐದು ದಿನವಾಯಿತು. ಗುರುವಾರದ ಸುತ್ತಿಗೂ ಕೊಡಲಿಲ್ಲ, ಇವತ್ತೂ ಕೊಡಲಿಲ್ಲ. ಸುರಂಗದಲ್ಲಿ ಸವಾರನಿಗೆ ಏನಾಯಿತು ಎಂಬುದನ್ನು ಇನ್ನೂ ಓದಿಲ್ಲ. ಮೊದಲು ನೀರುಗಂಟಿಯನ್ನೇ ತೆಗೆದೆ. ಮೂರು ಸಲ ಓದಿದೆ. ಮುದುಕನಿಗೆ ಕಣ್ಣು ಮಂಜಾಗುತ್ತಿದೆ. ಅವನು ಯಾರಿಗೂ ಹೇಳಿಲ್ಲ. ಆದರೆ ಸೊಸೆಗೆ ಗೊತ್ತಾಗಿಬಿಟ್ಟಿದೆ. ಅವಳೂ ಏನೂ ಹೇಳುವುದಿಲ್ಲ. ಬಿಂದಿಗೆ ಇಡುವಾಗ ಬೇಕೆಂದೇ ಜೋರಾಗಿ ಇಡುತ್ತಾಳೆ, ಎಲ್ಲಿದೆ ಎಂದು ಅವನಿಗೆ ತಿಳಿಯಲಿ ಅಂತ. ಮುದುಕ ಇವಳಿಗೆ ಎಷ್ಟು ಕೊಬ್ಬು ಎಂದುಕೊಳ್ಳುತ್ತಾನೆ.

ಈ ಭಾಗಕ್ಕೆ ಬಂದಾಗ ಪತ್ರಿಕೆ ಮುಚ್ಚಿಟ್ಟು ಹಿತ್ತಲಿಗೆ ಹೋಗಿ ಸ್ವಲ್ಪ ಹೊತ್ತು ನಿಂತಿದ್ದೆ. ನಲವತ್ತೆಂಟು ವಯಸ್ಸಾಯಿತು, ಇಷ್ಟು ವರ್ಷ ನಾನು ಏನು ಓದಿಕೊಂಡಿದ್ದೆ?

ಮುನಿತಾಯಮ್ಮ ಬಂದಿದ್ದಳು, ಮಿಲಿಟರಿಯಲ್ಲಿರುವ ಮಗ ಗಂಗಣ್ಣನಿಗೆ ಕಾಗದ ಬರೆಸಲು. ಯಾವಾಗಲೂ ನಾವೆಲ್ಲ ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆಯುವುದು ಎಂದು ಮುಗಿಸುತ್ತಿದ್ದೆ. ಇವತ್ತು ಅವಳನ್ನು ಕೂರಿಸಿ, ಕರು ಯಾವ ಬಣ್ಣ, ಅವನು ನೆಟ್ಟ ನುಗ್ಗೆಮರ ಕಾಯಿ ಬಿಟ್ಟಿತೇ, ಅವನ ಹಾಸಿಗೆ ಈಗ ಎಲ್ಲಿದೆ ಎಂದೆಲ್ಲ ಕೇಳಿದೆ. ಅವಳು ಅಳುತ್ತಾ ನಗುತ್ತಾ ಹೇಳಿದಳು. ಮೂರು ಹಾಳೆಯಾಯಿತು. ಕಾಗದದ ಈ ಬರದಲ್ಲಿ ಹೀಗೆ ಖರ್ಚು ಮಾಡಬಾರದಿತ್ತು.

೧೩ನೇ ಏಪ್ರಿಲ್, ಗುರುವಾರ

ಕಳಿಸಿದೆ. ಪಾಪಯ್ಯ ಪತ್ರಿಕೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಅಮ್ಮಾರು ಮೂರ್ ಕಿತ ಕೇಳಿದ್ರು ಸಾಮಿ. ನೀನೇ ಎಲ್ಲಾದ್ರೂ ಬೀಳಿಸ್ಬಿಟ್ಯೇನೋ ಅಂದ್ರು" ಎಂದ. ಅವನ ಮುಖ ನೋಡಲಾಗಲಿಲ್ಲ. ಠಸ್ಸೆಯ ಮಸಿಡಬ್ಬಿ ಹುಡುಕುವವನಂತೆ ಬಗ್ಗಿದೆ.

೧೮ನೇ ಮೇ, ಗುರುವಾರ

ಬೇಸಿಗೆ ರಜ. ಪತ್ರಿಕೆ ನಾಲ್ಕನೇ ತಾರೀಖೇ ಬಂದಿದೆ. ನಾಲ್ಕು ಸುತ್ತು ದಾಟಿಸಿದ್ದೇನೆ. ಕಾಗದ ಸಿಗುತ್ತಿಲ್ಲವೆಂದು ಪತ್ರಿಕೆಯನ್ನು ತೆಳ್ಳಗೆ ಮಾಡಿ, ತಿರುವೇಂಗಳಯ್ಯನವರನ್ನು ನಿಲ್ಲಿಸಿಬಿಟ್ಟಿದ್ದಾರೆ. ಸವಾರ ಪಾರಾದನೋ ಇಲ್ಲವೋ ಇನ್ನು ಯಾರಿಗೂ ತಿಳಿಯುವುದಿಲ್ಲ. ಎರಡು ತಿಂಗಳ ಹಿಂದೆ ಆಗಿದ್ದರೆ ನನಗೆ ಹುಚ್ಚು ಹಿಡಿಯುತ್ತಿತ್ತು. ಪುಟ್ಟನಂಜಮ್ಮ ಇದ್ದಾರಲ್ಲ ಎಂದು ಸಮಾಧಾನವಾಯಿತು.

ಈ ತಿಂಗಳು ಸೊಸೆ ಬಟ್ಟೆಯ ಗಂಟು ಕಟ್ಟಿಕೊಂಡಿದ್ದಾಳೆ. ತವರಿನಿಂದ ಅಣ್ಣ ಕರೆಕಳಿಸಿದ್ದಾನೆ. ಬೆಳಿಗ್ಗೆ ಮುದುಕ ಎದ್ದಾಗ ಮನೆಯಲ್ಲಿ ಯಾವ ಸದ್ದೂ ಇಲ್ಲ. ಬಿಂದಿಗೆ ಇಲ್ಲ, ಮುಚ್ಚಳ ಇಲ್ಲ. ಆರು ವರ್ಷದ ಮೇಲೆ ಮೊದಲ ಸಲ ಆ ಮನೆಯಲ್ಲಿ ಬಾಯಿ ತೆರೆದು, "ಯಾರಿದ್ದೀರಿ?" ಎನ್ನುತ್ತಾನೆ. ಅಲ್ಲಿಗೆ ನಿಲ್ಲಿಸಿ ಮುಂದುವರಿಯುವುದು ಎಂದು ಹಾಕಿದ್ದಾರೆ. ಅವಳು ಹೋಗಿದ್ದಾಳೋ, ಹೊಸಿಲ ಮೇಲೆ ನಿಂತಿದ್ದಾಳೋ?

ಮುಂದಿನ ಸಂಚಿಕೆ ಬರುವವರೆಗೂ ಇದು ನನ್ನ ಹತ್ತಿರವೇ ಇರಲಿ ಎನಿಸುತ್ತಿದೆ. ನನಗೇ ಹೆದರಿಕೆಯಾಗುತ್ತಿದೆ. ಸೋಮವಾರ ಖಂಡಿತ ಕಳಿಸುತ್ತೇನೆ.

೨೨ನೇ ಮೇ, ಸೋಮವಾರ

ಕಳಿಸಿದೆ. ಸಂಜೆ ಪಾಪಯ್ಯ ಕೋಡಿಹಳ್ಳಿಯಿಂದ ಒಂದು ಲಕೋಟೆ ತಂದ. "ಅಮ್ಮಾರು ನಿಮ್ ಕೈಗೇ ಕೊಡು ಅಂದ್ರು ಸಾಮಿ." ಗುಂಡಗಿನ, ಬಿಡಿಬಿಡಿ ಅಕ್ಷರ. ವಿಳಾಸ: ಅಂಚೆ ಸೂಪರಿಂಟೆಂಡೆಂಟ್ ಸಾಹೇಬರು, ಬೆಂಗಳೂರು.

ಒಳಗೆ ಏನಿದೆ ಎಂದು ತೆರೆಯದೆಯೇ ಗೊತ್ತು. ಬಿಸಿನೀರಿನ ಆವಿಗೆ ಹಿಡಿದರೆ ಅಂಟು ಬಿಡುತ್ತದೆ. ಒಲೆಗೆ ಹಾಕಿದರೆ ಯಾರಿಗೂ ತಿಳಿಯುವುದಿಲ್ಲ. ಅದನ್ನು ಮೇಜಿನ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಕೊನೆಗೆ ಠಸ್ಸೆ ಒತ್ತಿದೆ. ಮಸಿ ಎರಡಾಗಿ ಬಿತ್ತು. ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಅರಗು ಹಾಕಿದೆ. ನನ್ನ ಮೇಲಿನ ದೂರನ್ನು ನಾನೇ ಕಳಿಸಿದಂತಾಯಿತು.

೮ನೇ ಜೂನ್, ಗುರುವಾರ

ಹೊಸಕೋಟೆಯಿಂದ ಇನ್ಸ್‌ಪೆಕ್ಟರು ವೆಂಕಟರಮಣಪ್ಪನವರು ಬಂದಿದ್ದರು. ಸಾಧು ಮನುಷ್ಯ, ನನ್ನ ಮೇಲೆ ಬಹಳ ಗೌರವ. ಅನುಸೂಯ ಕೊಟ್ಟ ಕಾಫಿ ಕುಡಿದು ದೂರಿನ ಕಾಗದ ತೆಗೆದರು.

"ಪತ್ರಿಕೆ ಎರಡು ವಾರ ತಡವಾಗಿ ಸಿಗ್ತಿದೆ ಅಂತ ಆಯಮ್ಮ ಬರ್ದಿದಾರೆ. ಕೋಡಿಹಳ್ಳಿಗೆ ಹೋಗೋನು ಯಾರು ಮೇಷ್ಟ್ರೇ?"

"ಪಾಪಯ್ಯ" ಎಂದೆ. ಅದು ಸುಳ್ಳಲ್ಲ.

"ಮತ್ತೆ ಅವ್ನೇ. ಎಲ್ಲೋ ಇಟ್ಕೊಂಡಿರ್ತಾನೆ, ಇಲ್ಲ ಯಾರಿಗೋ ಓದಕ್ ಕೊಟ್ಟು ಬೀಡಿಗೆ ಏನಾದ್ರೂ ಇಸ್ಕೊಂಡಿರ್ತಾನೆ."

ಪಾಪಯ್ಯ ಹೊಂಗೆಮರದ ಕೆಳಗಿನಿಂದ, "ನಾನ್ಯಾಕೆ ಇಟ್ಕಳ್ಲಿ ಸಾಮಿ, ನಂಗ್ ಓದಕ್ ಬರುತ್ತಾ? ಮೇಷ್ಟ್ರು ಕೊಟ್ ದಿನವೇ ಕೊಟ್ಟಿದೀನಿ. ಮೇಷ್ಟ್ರನ್ನೇ ಕೇಳಿ" ಎಂದ.

ಇಬ್ಬರೂ ನನ್ನ ಕಡೆ ನೋಡಿದರು.

ನಾನು ಸುಮ್ಮನಿದ್ದೆ. ಹನ್ನೊಂದು ವರ್ಷದ ಹೆಸರು, ಶಾಲೆ, ಊರಿನವರ ಮುಂದೆ ತಲೆಯೆತ್ತಿ ನಡೆಯುವುದು, ಎಲ್ಲಾ ಒಟ್ಟಿಗೆ ಕಣ್ಣ ಮುಂದೆ ಬಂದವು. ವಿಚಾರಣೆ ಮುಗಿಯುವವರೆಗೆ ಪಾಪಯ್ಯ ಕೆಲಸಕ್ಕೆ ಬರಕೂಡದು ಎಂದು ಇನ್ಸ್‌ಪೆಕ್ಟರು ಬರೆದುಕೊಂಡರು. ಅವನು ಖಾಕಿ ಕೋಟು ಬಿಚ್ಚಿ, ಮಡಿಸಿ, ಮೆಟ್ಟಿಲ ಮೇಲಿಟ್ಟು ಹೋದ.

೯ನೇ ಜೂನ್

ಪಾಠ ಮಾಡಲಾಗಲಿಲ್ಲ. ಹುಡುಗರಿಗೆ ಮಗ್ಗಿ ಹೇಳಲು ಬಿಟ್ಟು ಕಿಟಕಿಯ ಹತ್ತಿರ ನಿಂತಿದ್ದೆ.

೧೨ನೇ ಜೂನ್

ಟಪಾಲು ಹಂಚುವವರಿಲ್ಲ. ಊರಿನವರಿಗೆ ಹೇಳಿಕಳಿಸಿದೆ, ಬಂದು ತೆಗೆದುಕೊಂಡು ಹೋಗುತ್ತಿದ್ದಾರೆ. "ಪಾಪಯ್ಯ ಕದೀತಿದ್ನಂತೆ, ಹೌದಾ ಮೇಷ್ಟ್ರೇ?" ಎಂದು ಅಂಗಡಿಯ ಬೈರಣ್ಣ ಕೇಳಿದ. "ಗೊತ್ತಿಲ್ಲ" ಎಂದೆ. ಇದು ಸುಳ್ಳು.

೧೪ನೇ ಜೂನ್

ಊಟ ಸೇರುತ್ತಿಲ್ಲ.

೧೬ನೇ ಜೂನ್

ಹೊಸ ಸಂಚಿಕೆ ಬಂದಿದೆ. ಈ ತಿಂಗಳು ತಡ. ಮೇಜಿನ ಮೇಲೆ ಇಟ್ಟು ಅದರ ಮೇಲೆ ತೂಕದ ಕಲ್ಲು ಹೇರಿದ್ದೇನೆ. ಅವಳು ಹೋದಳೋ ಇಲ್ಲವೋ ಅದರೊಳಗೆ ಇದೆ. ಕೈ ಚಾಚಿದರೆ ಸಿಗುತ್ತದೆ. ಪಾಪಯ್ಯನ ಹೆಂಡತಿ ಮುತ್ಯಾಲಮ್ಮ ಪಟೇಲರ ತೋಟಕ್ಕೆ ಕೂಲಿಗೆ ಹೋಗುತ್ತಿದ್ದಾಳೆಂದು ಅನುಸೂಯ ಹೇಳಿದಳು. ತೋಟದಲ್ಲಿ ಯಾರೋ ಅವಳನ್ನು ಕಳ್ಳನ ಹೆಂಡತಿ ಎಂದರಂತೆ.

೧೮ನೇ ಜೂನ್, ಭಾನುವಾರ

ಬೆಳಿಗ್ಗೆ ಕೊಡೆ ಹಿಡಿದು, ಪತ್ರಿಕೆ ಬಗಲಲ್ಲಿಟ್ಟುಕೊಂಡು ಕೋಡಿಹಳ್ಳಿಗೆ ನಡೆದೆ. ಪಟ್ಟಿಯನ್ನು ಮುಟ್ಟಿರಲಿಲ್ಲ. ದಾರಿಯಲ್ಲಿ ಎರಡು ಸಲ ಹಿಂದಕ್ಕೆ ಹೋಗಿಬಿಡೋಣ ಎನಿಸಿತು.

ಗಂಗಲಕ್ಷ್ಮಮ್ಮನವರು ಅಂಗಳದಲ್ಲಿ ಬಿತ್ತನೆ ರಾಗಿ ಹಸನು ಮಾಡಿಸುತ್ತಿದ್ದರು. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡು, "ಬನ್ನಿ ಮೇಷ್ಟ್ರೇ. ಪಾಪಯ್ಯ ಎಲ್ಲಿ?" ಎಂದರು.

"ಅವನನ್ನ ಕೆಲಸದಿಂದ ನಿಲ್ಲಿಸಿದಾರೆ. ನಿಮ್ಮ ದೂರಿನ ಮೇಲೆ."

ಅವರ ಮುಖ ಸಣ್ಣದಾಯಿತು. "ಅಯ್ಯೋ, ನಾನು ಅವನ ಹೆಸ್ರು ಬರೀಲಿಲ್ಲ! ಅವನಲ್ಲ ಅಂತ ನಂಗೊತ್ತು."

"ಹೇಗೆ ಗೊತ್ತು?"

"ಪತ್ರಿಕೆಯಲ್ಲಿ ಪುಟ್ಟನಂಜಮ್ಮನ ಹಾಳೆ ಮಾತ್ರ ಮೆತ್ತಗಾಗಿರ್ತಿತ್ತು. ಮತ್ತೆ ಮತ್ತೆ ಬೆರಳಾಡ್ಸಿರೋ ಹಾಳೆ ತಿಳಿಯಲ್ವಾ? ಅದು ಓದೋರ ಕೈ." ಪತ್ರಿಕೆಯನ್ನು ನನ್ನಿಂದ ತೆಗೆದುಕೊಂಡು ಪಟ್ಟಿಯನ್ನು ಸುತ್ತಲೂ ನೋಡಿದರು. "ದೂರಿನ ಕಾಗದಾನೂ ನಿಮ್ಮ ಕೈಗೇ ಕೊಡಿಸ್ದೆ. ತಡೀತೀರೇನೋ ನೋಡೋಣ ಅಂತ. ನೀವು ತಡೀಲಿಲ್ಲ. ಅದಕ್ಕೇ ಇವತ್ತು ಒಳಕ್ ಬನ್ನಿ ಅಂತಿದೀನಿ."

ನಾನು ಒಳಗೆ ಹೋಗಲಿಲ್ಲ. ಅಂಗಳದಲ್ಲಿ ನಿಂತೇ ಹೇಳಿದೆ. ಫೆಬ್ರವರಿಯಿಂದ ಹಿಡಿದು ಎಲ್ಲಾ. ಇನ್ಸ್‌ಪೆಕ್ಟರ ಮುಂದೆ ಸುಮ್ಮನಿದ್ದದ್ದೂ ಹೇಳಿದೆ. ಕೇಳಿ ಅವರು ಪತ್ರಿಕೆಯನ್ನು ಸೆರಗಿನಲ್ಲಿ ಸುತ್ತಿಕೊಂಡರು.

"ತಿಂಗಳಿಗೆ ಒಂದ್ ದಿನ ನಂದು ಅಂತ ಇರೋದು. ಬೆಳಿಗ್ಗೆ ಹೊತ್ತಿಗೆ ಕೆಲಸ ಎಲ್ಲಾ ಮುಗಿಸಿ, ಬಾಗಿಲು ಹಾಕ್ಕೊಂಡು ಕೂರೋಳು. ಆ ದಿನ ಯಾವತ್ತು ಬರುತ್ತೆ ಅಂತ್ಲೇ ಗೊತ್ತಾಗದ ಹಾಗೆ ಮಾಡಿದ್ರಿ ನೀವು. ಹೋಗ್ಲಿ, ಅದು ನಂದು. ಪಾಪಯ್ಯಂದು ಹೊಟ್ಟೆ ಪಾಡು. ನಂಗ್ ಹೇಳಿದ್ರೆ ಏನ್ ಬಂತು ಮೇಷ್ಟ್ರೇ? ಹೇಳ್ಬೇಕಾದೋರ್ಗೆ ಹೇಳಿ."

ಹೊರಟವನು ಗೇಟಿನ ಹತ್ತಿರ ತಿರುಗಿದೆ. ನನ್ನ ನಾಚಿಕೆಗೇಡಿತನಕ್ಕೆ ಏನೆನ್ನಬೇಕು? "ಆ ಸೊಸೆ..." ಎಂದೆ.

"ಮೊದ್ಲು ನಾನ್ ಓದ್ತೀನಿ" ಎಂದರು.

೧೯ನೇ ಜೂನ್, ಸೋಮವಾರ

ಇನ್ಸ್‌ಪೆಕ್ಟರಿಗೆ ಬರೆದೆ. ತಾರೀಖು, ಎಷ್ಟು ದಿನ ಇಟ್ಟುಕೊಂಡೆ, ಎಲ್ಲಾ. ಪಾಪಯ್ಯನ ತಪ್ಪು ಏನೂ ಇಲ್ಲ ಎಂದು ಬರೆದು ಅಡಿಯಲ್ಲಿ ಗೆರೆ ಎಳೆದೆ. ಚೀಲಕ್ಕೆ ಹಾಕಿದ ಮೇಲೆ ಅನುಸೂಯಳಿಗೆ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ. ಬಾಗಿಲಿಗೆ ಒರಗಿ ಕೂತು ಎಲ್ಲಾ ಕೇಳಿದಳು.

"ಪಾಪಯ್ಯನ ಮನೆಗೆ ನಾಲ್ಕ್ ಸೇರು ರಾಗಿ ಕಳಿಸ್ದಾಗ್ಲೇ ಅಂದ್ಕೊಂಡೆ" ಎಂದಳು.

"ನಾನು ಕಳಿಸಿಲ್ಲವಲ್ಲ."

"ನೀವ್ ಕಳಿಸ್ಲಿಲ್ಲ. ನಾನ್ ಕಳಿಸ್ದೆ. ನಿಮ್ ಮುಖ ನೋಡಿ."

೨೯ನೇ ಜೂನ್

ಏನೂ ಬಂದಿಲ್ಲ. ಬಸ್ಸಿನ ಸದ್ದು ಕೇಳಿದರೆ ಎದ್ದು ಬಾಗಿಲಿಗೆ ಹೋಗುತ್ತೇನೆ. ಶಾಲೆಯೂ ಹೋದರೆ ಎಲ್ಲಿಗೆ ಹೋಗುವುದು?

೫ನೇ ಜುಲೈ, ಬುಧವಾರ

ಇನ್ಸ್‌ಪೆಕ್ಟರು ತಾವೇ ಬಂದರು. ಈ ಸಲ ಕಾಫಿ ಬೇಡವೆಂದರು. ಅಂಚೆ ಕಚೇರಿ ಬೈರಣ್ಣನ ಅಂಗಡಿಗೆ ಹೋಯಿತು. ಠಸ್ಸೆ, ಅರಗು, ಚೀಲ, ತಕ್ಕಡಿ ಎಲ್ಲಾ ಎಣಿಸಿ ಕೊಟ್ಟು ರುಜು ಹಾಕಿದೆ. ಶಾಲೆಯ ಮೇಲಧಿಕಾರಿಗಳಿಗೆ ತಿಳಿಸುವುದಿಲ್ಲ, ಇಲ್ಲಿಗೆ ಸಾಕು ಎಂದರು. ಪಾಪಯ್ಯನನ್ನು ನಾಳೆಯಿಂದ ಬರಹೇಳಿದ್ದಾರೆ.

"ಒಂದು ಕತೆಗೋಸ್ಕರ ಹೀಗ್ ಮಾಡಿದ್ರಲ್ಲ ಮೇಷ್ಟ್ರೇ" ಎಂದರು. ಒಂದಲ್ಲ, ಎರಡು ಎನ್ನಬೇಕೆನಿಸಿತು. ತಲೆ ತಗ್ಗಿಸಿದೆ.

ಊರೆಲ್ಲಾ ತಿಳಿದಿದೆ. ಕೋಣೆ ಖಾಲಿಯಾಗಿ ದೊಡ್ಡದಾಗಿ ಕಾಣುತ್ತಿದೆ.

೬ನೇ ಜುಲೈ, ಗುರುವಾರ

ಶಾಲೆ ಬಿಟ್ಟ ಮೇಲೆ ಊರಾಚೆಯ ಕೇರಿಗೆ ಹೋದೆ. ಪಾಪಯ್ಯನ ಮನೆ ಯಾವುದೆಂದು ಕೇಳಿ ತಿಳಿಯಬೇಕಾಯಿತು. ಹನ್ನೊಂದು ವರ್ಷ ದಿನಾ ನೋಡಿದವನ ಮನೆ. ಮುತ್ಯಾಲಮ್ಮ ನನ್ನನ್ನು ಕಂಡು ಒಳಗೆ ಹೋದಳು. ಪಾಪಯ್ಯ ಚಪ್ಪಲಿಯ ಉಂಗುಷ್ಠಕ್ಕೆ ಮೊಳೆ ಹೊಡೆಯುತ್ತಿದ್ದ. ಏಳಲಿಲ್ಲ.

"ನನ್ನದು ತಪ್ಪಾಯ್ತು ಪಾಪಯ್ಯ" ಎಂದೆ.

"ನಾಲ್ಕ್ ವಾರ ಸಾಮಿ" ಎಂದ. ಇನ್ನೊಂದು ಮೊಳೆ ಬಾಯಿಂದ ತೆಗೆದ. "ನನ್ ಮಗಳ ಮಾವನೋರು ಬಂದಿದ್ರು. ಕಳ್ಳತನ ಮಾಡಿದ್ಯಂತೆ ಹೌದಾ ಅಂತ ಕೇಳಕ್ಕೆ. ಅಷ್ಟ್ ದೂರದಿಂದ, ಅದ್ನ ಕೇಳಕ್ಕೆ ಬಂದಿದ್ರು."

ಅವನು ಆ ಮೊಳೆ ಹೊಡೆದು ಮುಗಿಸುವವರೆಗೂ ನಿಂತಿದ್ದು ಬಂದೆ.

೧೬ನೇ ಜುಲೈ, ಭಾನುವಾರ

ಸಂಜೆ ಪಾಪಯ್ಯ ಬಂದ. ಖಾಕಿ ಕೋಟಿಲ್ಲದೆ, ಬರೀ ಪಂಚೆ. ಮೆಟ್ಟಿಲ ಹತ್ತಿರ ನಿಂತ. ಜಗಲಿಯ ಮೇಲಿದ್ದ ಪುಸ್ತಕ ಸರಿಸಿದೆ, ಕೂತ.

"ಒಂದ್ ಕೇಳ್ಬೇಕು ಅಂತ ಬಂದೆ. ಏನಿತ್ತು ಸಾಮಿ ಅದ್ರಲ್ಲಿ? ಅಷ್ಟ್ ವರ್ಷ ಹೊತ್ತಿದೀನಿ. ನಂಗೆ ಹಂಗ್ ಮಾಡೋ ಅಂತದ್ದು ಏನಿತ್ತು?"

ಹೇಳಿದೆ. ಹೇಳಲು ಹೋದರೆ ಎಷ್ಟು ಕಷ್ಟ! ಮುಚ್ಚಳ ತಟ್ಟುವುದು, ಬಿಂದಿಗೆಯ ಸದ್ದು, ಇದನ್ನೆಲ್ಲಾ ಪುಟ್ಟನಂಜಮ್ಮನ ಹಾಗೆ ಹೇಳಲು ನನಗೆ ಬರುವುದಿಲ್ಲ. ಆದರೂ ಅವನು ಕೇಳಿದ. ಮುದುಕ ಸೊಸೆಗೆ ಕೊಬ್ಬು ಎಂದುಕೊಂಡ ಎಂದಾಗ, "ಥೂ, ದಡ್ಡ" ಎಂದ. ಗಂಟು ಕಟ್ಟಿದ್ದು ಹೇಳಿ ನಿಲ್ಲಿಸಿದೆ.

"ಆಮೇಲೆ?"

"ಗೊತ್ತಿಲ್ಲ ಪಾಪಯ್ಯ. ಜೂನ್ ಸಂಚಿಕೆ ನಾನು ಓದಿಲ್ಲ."

ಅವನು ನನ್ನನ್ನು ಬಹಳ ಹೊತ್ತು ನೋಡಿದ. ನಂಬುವುದೋ ಬಿಡುವುದೋ ಎನ್ನುವ ಹಾಗೆ. "ನಾಳೆ ಕೋಡಳ್ಳಿ ಸುತ್ತು. ಅಮ್ಮಾರ್ನ ಕೇಳ್ತೀನಿ" ಎಂದು ಎದ್ದ.

೧೭ನೇ ಜುಲೈ, ಸೋಮವಾರ

ಶಾಲೆಯಲ್ಲಿ ಮನಸ್ಸು ನಿಲ್ಲಲಿಲ್ಲ. ಆಕೆ ಏನೆನ್ನುತ್ತಾರೋ, ಪಾಪಯ್ಯ ತಿರುಗಿ ಬರುತ್ತಾನೋ ಇಲ್ಲವೋ ಎಂದು ಅದೇ ಯೋಚನೆ. ಐದು ಗಂಟೆಗೆ ಬಂದ. ಕೈಯಲ್ಲಿ ಜೂನ್ ಸಂಚಿಕೆ, ಒಂದು ಬಟ್ಟೆಯಲ್ಲಿ ಸುತ್ತಿತ್ತು.

"ಅಮ್ಮಾರು ಕತೆ ಹೇಳ್ಲಿಲ್ಲ. ಬಾಯಲ್ಲಿ ಹೇಳೋದಲ್ಲ ಅದು ಅಂದ್ರು. ಇದ್ನ ಕೊಟ್ರು. ಮೇಷ್ಟ್ರು ನಿಂಗೆ ಓದಿ ಹೇಳ್ಬೇಕು, ಅಷ್ಟಕ್ಕೇ ಕೊಡೋದು, ಅವ್ರೊಬ್ರೇ ಓದ್ಕಳಕ್ಕಲ್ಲ ಅಂದ್ರು."

ಕೂತೆವು. ಅನುಸೂಯ ಒಲೆಯ ಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಂತಳು. ಬಟ್ಟೆ ಬಿಚ್ಚಿ, ಪುಟ ತೆಗೆದು, ಶಾಲೆಯಲ್ಲಿ ಓದುವ ದನಿಯಲ್ಲಿ ಶುರುಮಾಡಿದೆ. ಮುದುಕ ಗೋಡೆ ಹಿಡಿದುಕೊಂಡು ನಡುಮನೆಗೆ ಬರುತ್ತಾನೆ. ಕಾಲಿಗೆ ಏನೂ ತಗಲುವುದಿಲ್ಲ. ಇನ್ನೊಂದು ಹೆಜ್ಜೆ ಇಡುತ್ತಾನೆ. ನಾನು ಓದುತ್ತಿದ್ದ ಸಾಲಿನಲ್ಲಿ ಅವನು ಇನ್ನೂ ನಡುಮನೆಯಲ್ಲೇ ಇದ್ದ. ಪುಟದ ಕೆಳಗೆ ಎಲ್ಲೋ 'ಹೊಸಿಲು' ಎಂಬ ಮಾತು ಕಂಡಿತು. ಓದುವ ದನಿ ತಡವರಿಸಿತು.

ಪಾಪಯ್ಯ ನನ್ನ ಮುಖವನ್ನೇ ನೋಡುತ್ತಿದ್ದ.

"ಕಣ್ಣು ಮುಂದಕ್ ಹೋಗ್ತೈತೆ ಸಾಮಿ" ಎಂದ. "ನಾವೂ ಬರ್ತೀವಿ, ತಡೀರಿ."